ಹೋಗದ ಸುಸ್ತು, ಮೈಕೈ ನೋವು: ಸೋಂಕು ಇದೆಯೇ ನೋಡೋಣ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ನಮ್ಮ ಮಾತು ಮೈಕೈ ನೋವಿನ ಕಡೆ ತಿರುಗುತ್ತದೆ. "ಕೂತರೆ ಏಳೋಕಾಗಲ್ಲ, ಎದ್ದರೆ ನಿಲ್ಲೋಕಾಗಲ್ಲ" ಅಂತೀವಿ. ಮನೆಯವರು "ಕೆಲಸ ತಪ್ಪಿಸೋ ನೆಪ" ಅಂದರೆ ಸುಮ್ಮನಾಗುತ್ತೇವೆ, ಇಲ್ಲವೇ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತೇವೆ. ಎರಡೂ ಸರಿಯಲ್ಲ.

ಇದು ನೆಪವಲ್ಲ

ಮೂರು ತಿಂಗಳು ದಾಟಿದರೂ ಮೈಯೆಲ್ಲ ನೋವು, ಮಲಗಿ ಎದ್ದರೂ ಆಯಾಸ, ಮರೆವು ಇದ್ದರೆ ಅದು ಫೈಬ್ರೊಮಯಾಲ್ಜಿಯಾ ಇರಬಹುದು. ಆರು ತಿಂಗಳಿಗೂ ಮೀರಿದ ಸುಸ್ತು, ಸ್ವಲ್ಪ ದುಡಿದರೂ ಮರುದಿನ ಹಾಸಿಗೆ ಹಿಡಿಯುವಂತಾದರೆ ಅದು ದೀರ್ಘಕಾಲದ ಆಯಾಸದ ಕಾಯಿಲೆ ಇರಬಹುದು. ಇವನ್ನು ತೋರಿಸಿಕೊಡುವ ರಕ್ತ ಪರೀಕ್ಷೆ ಇಲ್ಲ. ಆದ್ದರಿಂದ ರಕ್ತಹೀನತೆ, ಥೈರಾಯಿಡ್, ಸೋಂಕು ಇವೆಯೇ ಎಂದು ವೈದ್ಯರು ಮೊದಲು ನೋಡಬೇಕು.

ಯಾವ ಸೋಂಕುಗಳು?

1. ಬ್ರುಸೆಲ್ಲೋಸಿಸ್: ದನ, ಎಮ್ಮೆ, ಆಡು, ಕುರಿ ಕಂದು ಹಾಕುವ ಈ ರೋಗ ಮನುಷ್ಯರಿಗೂ ಬರುತ್ತದೆ. ಬಂದು ಹೋಗುವ ಜ್ವರ, ಬೆವರು, ಸೊಂಟ ಮತ್ತು ಕೀಲು ನೋವು, ವಿಪರೀತ ಸುಸ್ತು ಇದರ ಲಕ್ಷಣ. ಹಸು, ಆಡು ಸಾಕುವವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಸಾಮಾನ್ಯವಾಗಿ ಎರಡು ಆಂಟಿಬಯೋಟಿಕ್‌ಗಳನ್ನು ಕನಿಷ್ಠ 6 ವಾರ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು.

2. ಕ್ಷಯ: ಎರಡು ವಾರದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಉಚಿತ.

3. ಮೂತ್ರದ ಸೋಂಕು: ಉರಿಮೂತ್ರ, ಚಳಿಜ್ವರ. ಫೈಬ್ರೊಮಯಾಲ್ಜಿಯಾ ಇದ್ದವರಿಗೆ ಸೋಂಕಿಲ್ಲದೆಯೂ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸಬಹುದು. ಅದಕ್ಕೇ ಪರೀಕ್ಷೆ ಬೇಕು.

ಹಳೆಯ ನೋವು ಇದ್ದವರಿಗೂ ಹೊಸ ಸೋಂಕು ತಗಲುತ್ತದೆ. ಹೊಸದಾಗಿ ಜ್ವರ ಬಂದರೆ, ತೂಕ ಇಳಿದರೆ "ಇದು ನನ್ನ ಹಳೇ ಕಾಯಿಲೆನೇ ಬಿಡಿ" ಅನ್ನಬೇಡಿ.

ಸೋಂಕು ಹೋದರೂ ಸುಸ್ತು ಉಳಿದರೆ?

ನೆದರ್ಲ್ಯಾಂಡ್ಸ್ ದೇಶದಲ್ಲಿ 2007ರಿಂದ 2010ರವರೆಗೆ ಆಡುಗಳಿಂದ ಹರಡಿದ ಕ್ಯೂ ಜ್ವರ 4,000ಕ್ಕೂ ಹೆಚ್ಚು ಜನರಿಗೆ ಬಂತು. ಅದೂ ಬ್ಯಾಕ್ಟೀರಿಯಾದಿಂದ ಬರುವ ಜ್ವರ. ಜ್ವರ ವಾಸಿಯಾದರೂ ಹಲವರಿಗೆ ಸುಸ್ತು ಬಿಡಲಿಲ್ಲ. ಅಂಥವರಲ್ಲಿ ಕೆಲವರಿಗೆ 24 ವಾರ ಡಾಕ್ಸಿಸೈಕ್ಲಿನ್ ಕೊಟ್ಟು ನೋಡಿದರು. ಔಷಧಿಯಿಲ್ಲದ ಮಾತ್ರೆ ತಿಂದವರಿಗಿಂತ ಅವರ ಸುಸ್ತು ಹೆಚ್ಚೇನೂ ಇಳಿಯಲಿಲ್ಲ ಎಂದು 2017ರಲ್ಲಿ ತಿಳಿದುಬಂತು. ಸೋಂಕಿದ್ದರೆ ಆಂಟಿಬಯೋಟಿಕ್ ಬೇಕೇ ಬೇಕು. ಸೋಂಕಿಲ್ಲದ ಸುಸ್ತಿಗೆ ಅದು ಮದ್ದಲ್ಲ. ಸುಮ್ಮಸುಮ್ಮನೆ ತಿಂದರೆ ಬೇಕಾದಾಗ ಅದು ನಾಟುವುದಿಲ್ಲ.

ಸುಸ್ತಿನ ಕಾಯಿಲೆಯವರು ಕೆಲಸವನ್ನು ತುಂಡುತುಂಡಾಗಿ ಮಾಡಿ, ಸೋಲುವ ಮೊದಲೇ ಕೂರಬೇಕು. ಫೈಬ್ರೊಮಯಾಲ್ಜಿಯಾದವರಿಗೆ ನಿಧಾನ ನಡಿಗೆ, ಹೊತ್ತಿಗೆ ಸರಿಯಾದ ನಿದ್ದೆ ಒಳ್ಳೆಯದು. ಮನೆಯವರು ನೀರು, ಸೌದೆಯ ಭಾರ ಹಂಚಿಕೊಳ್ಳಬೇಕು.

ನಾವು ಮಾಡಬೇಕಾದ್ದು

- ಹಾಲನ್ನು ಚೆನ್ನಾಗಿ ಉಕ್ಕಿಸಿಯೇ ಕುಡಿಯೋಣ.
- ಕಂದು, ಮಾಸನ್ನು ಬರಿಗೈಯಲ್ಲಿ ಮುಟ್ಟದೆ, ಸುಣ್ಣ ಹಾಕಿ ಆಳವಾಗಿ ಹೂಳೋಣ. ಗರ್ಭಿಣಿಯರು ಹತ್ತಿರ ಹೋಗಬಾರದು.
- 4ರಿಂದ 8 ತಿಂಗಳ ಹೆಣ್ಣುಕರುವಿಗೆ ಬ್ರುಸೆಲ್ಲೋಸಿಸ್ ಲಸಿಕೆ ಹಾಕಿಸೋಣ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ತಿಂಗಳುಗಟ್ಟಲೆ ಸುಸ್ತು ಅನುಭವಿಸುತ್ತಿರುವವರು ಯಾರು? ಪರೀಕ್ಷೆ ಆಗಿದೆಯೇ?
2. ಅವರ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ?