ಜೀಬ್ರಾ ಮೀನು: ಮೊಟ್ಟೆ ಉಳಿಸಿದರೇ ಮರಿ

ಕಬಿನಿ ಹೊಳೆ ನಂಜನಗೂಡಿನ ಮಗ್ಗುಲಲ್ಲಿ ಹರಿದು ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ನಮ್ಮ ಹೊಲಕ್ಕೆ ಮಾತ್ರ ಮಳೆಯೇ ಗತಿ. ರಾಗಿ, ಹುರುಳಿ ಎರಡೂ ಕೈಕೊಟ್ಟ ವರ್ಷ, ಮಗಳ ಓದಿನ ಖರ್ಚಿಗಾಗಲಿ ಅಂತ ಜೀಬ್ರಾ ಮೀನು ತಂದೆ. ಒಂದೂವರೆ ಇಂಚಿನ ಮೀನು, ಮೈಯುದ್ದಕ್ಕೂ ನೀಲಿ ಪಟ್ಟೆ.

ಮೂರು ಸಲ ಒಂದು ಮರಿಯೂ ಆಗಲಿಲ್ಲ. ನೀರಿನ ದೋಷ ಅಂದುಕೊಂಡೆ. ಒಂದು ದಿನ ಬೆಳಕು ಹರಿಯುವಾಗ ನೋಡುತ್ತಾ ಕೂತೆ. ಹೆಣ್ಣು ಮೊಟ್ಟೆ ಚೆಲ್ಲುತ್ತಿತ್ತು. ಹಿಂದೆಯೇ ತಿರುಗಿ ಗಂಡು, ಹೆಣ್ಣು ಎರಡೂ ಅದನ್ನು ತಿನ್ನುತ್ತಿದ್ದವು! ಗೂಡು ಕಟ್ಟೋದು, ಕಾಯೋದು ಈ ಮೀನಿಗಿಲ್ಲ. ಕಾಯುವ ಕೆಲಸ ನಮ್ಮದೇ.

ಈಗ ನಾನು ಮಾಡುವುದು ಹೀಗೆ. ಟಬ್ಬಿನ ತಳಕ್ಕೆ ಮಕ್ಕಳಾಡುವ ಗೋಲಿಗಳನ್ನು ಎರಡು ಪದರ ಹರಡುತ್ತೇನೆ. ಅದರ ಮೇಲೆ ನಾಲ್ಕು ಬೆರಳು ನೀರು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು. ಸಂಜೆ ಹೊಟ್ಟೆ ತುಂಬಿದ ಒಂದು ಹೆಣ್ಣು, ಸಪೂರ ಮೈಯ ಎರಡು ಗಂಡು ಬಿಡುತ್ತೇನೆ. ಮೊಟ್ಟೆಗೆ ಅಂಟಿಲ್ಲ, ಗೋಲಿ ಸಂದಿಗೆ ಇಳಿದು ಬಚಾವಾಗುತ್ತದೆ. ಮೊಟ್ಟೆಯಿಟ್ಟ ಕೂಡಲೇ ದೊಡ್ಡ ಮೀನುಗಳನ್ನು ತೆಗೆಯಿರಿ. ಬೆಳ್ಳಗಾದ ಮೊಟ್ಟೆ ಸತ್ತದ್ದು, ಅದನ್ನೂ ತೆಗೆಯಿರಿ. ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ.

28 ಡಿಗ್ರಿ ಬಿಸಿಯಿದ್ದರೆ ಎರಡು-ಮೂರು ದಿನಕ್ಕೆ ಒಡೆಯುತ್ತದೆ. ಚಳಿಯಲ್ಲಿ ತಡ. ಮರಿ ಮೊದಲು ಟಬ್ಬಿಗೆ ಅಂಟಿಕೊಂಡಿರುತ್ತದೆ, ಆಗ ಮೇವು ಬೇಡ. ಈಜಲು ಶುರುಮಾಡಿದ ಮೇಲೆ, ವಾರದ ಹಿಂದೆ ಹುಲ್ಲು ನೆನೆಹಾಕಿದ ನೀರನ್ನು ಕೆಲವೇ ಹನಿ ಹಾಕಿ. ಅದರಲ್ಲಿನ ಕಣ್ಣಿಗೆ ಕಾಣದ ಜೀವಿಗಳೇ ಮರಿಗೆ ಮೇವು. ಹೆಚ್ಚು ಹಾಕಿದರೆ ನೀರು ಕೆಡುತ್ತದೆ.

ಕಳೆದ ಸಲ ಒಂದೇ ಹೆಣ್ಣಿಂದ ಎಪ್ಪತ್ತು ಮರಿ ಉಳಿದವು. ಮಗಳ ಫೀಸು ಪೂರಾ ಆಗಲಿಲ್ಲ, ಪುಸ್ತಕಕ್ಕಾಯಿತು.