ನೆರೆ ಇಳಿದ ಮೇಲೆ ಕಸದ ವಿಲೇವಾರಿ



2020ರ ಅಕ್ಟೋಬರ್ ತಿಂಗಳ ಮಧ್ಯದಲ್ಲಿ ಭೀಮಾ ನದಿಗೆ ಬಂದ ನೆರೆ ನಿಮ್ಮೆಲ್ಲರ ನೆನಪಿನಲ್ಲಿದೆ. ನೀರು ಇಳಿದ ವಾರದಲ್ಲಿ ಕಬ್ಬಿನ ನಷ್ಟ ನೋಡಲು ನಾನು ನದಿದಂಡೆಯ ಒಂದು ಊರಿಗೆ ಹೋಗಿದ್ದೆ. ಅಲ್ಲಿ ಒಬ್ಬ ಸಭಾಸದರು ತೋಯ್ದ ಸಾಮಾನನ್ನೆಲ್ಲ ಅಂಗಳದಲ್ಲಿ ಒಂದೇ ರಾಶಿ ಹಾಕಿದ್ದರು. ಕಣಿಕೆ, ಹಿಂಡಿ, ಯೂರಿಯಾ ಚೀಲ, ಔಷಧದ ಡಬ್ಬಿ, ಹಾಸಿಗೆ, ಮುರಿದ ಪತ್ರೆ ಎಲ್ಲವೂ ಅದರಲ್ಲಿದ್ದವು. ಸಂಜೆ ಅವರ ಎಮ್ಮೆ ಹಗ್ಗ ಬಿಡಿಸಿಕೊಂಡು ಆ ರಾಶಿಯ ಹಿಂಡಿ ತಿಂದಿತು. ಯೂರಿಯಾ ಕರಗಿ ಹಿಂಡಿಯಲ್ಲಿ ಸೇರಿತ್ತು. ಪಶುವೈದ್ಯರು ಬರುವುದರೊಳಗೆ ಎಮ್ಮೆ ಸತ್ತಿತು. ನೆರೆಯ ನೀರಿನಿಂದ ಹೊಡೆದುಕೊಂಡು ಬಂದು ಉಳಿಸಿಕೊಂಡ ಎಮ್ಮೆ ಅದು.

ತೋಯ್ದ ಹಿಂಡಿ ಗೊಬ್ಬರವಾಗುತ್ತಿತ್ತು, ಯೂರಿಯಾವನ್ನು ಹೊಲಕ್ಕೆ ಹಾಕಬಹುದಿತ್ತು. ಎರಡೂ ಕೂಡಿದ್ದರಿಂದ ವಿಷವಾಯಿತು. ನೆರೆಯ ಕಸದ ವಿಷಯದಲ್ಲಿ ಮುಖ್ಯ ಪಾಠ ಇದೇ: ಮೊದಲ ದಿನವೇ ಬೇರೆ ಬೇರೆ ಮಾಡಬೇಕು.

ದೊಡ್ಡ ಅನಾಹುತಗಳಲ್ಲಿಯೂ ಇದೇ ಅನುಭವ. 2004ರ ಡಿಸೆಂಬರ್ 26ರಂದು ಸುನಾಮಿ ಅಲೆಗಳು ಇಂಡೋನೇಷ್ಯಾದ ಆಚೆ ಪ್ರಾಂತವನ್ನು ಹಾಳುಗೆಡವಿದವು. ಅಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ನೊಂದ ಜನರಿಗೇ ಕೂಲಿ ಕೊಟ್ಟು ಅವಶೇಷ ತೆಗೆಸಿದರು. ಆರಿಸಿದ ಕಟ್ಟಿಗೆ ಪೀಠೋಪಕರಣವಾಯಿತು, ಕಲ್ಲು-ಇಟ್ಟಿಗೆಯ ಚೂರು ರಸ್ತೆಗೆ ಬಿತ್ತು.

ನಮ್ಮ ಊರುಗಳಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ:

1. ಕಸ ತೆಗೆಯುವ ಮೊದಲು ಫೋಟೋ ತೆಗೆದಿಡಿರಿ, ಪಂಚನಾಮೆ ಮಾಡಿಸಿರಿ. ಹರಿದು ಬಿದ್ದ ವಿದ್ಯುತ್ ತಂತಿಯನ್ನು ಮುಟ್ಟಬೇಡಿರಿ.

2. ಸತ್ತ ದನ: ಪಶುವೈದ್ಯರಿಗೆ ಕೂಡಲೇ ತಿಳಿಸಿರಿ, ಕಿವಿಯ ಬಿಲ್ಲೆಯ ನಂಬರು ಬರೆದಿಡಿರಿ. ಚರ್ಮ ಸುಲಿಯಬಾರದು, ಹಳ್ಳಕ್ಕೆ ಎಳೆದು ಹಾಕಬಾರದು. ಬಾವಿಯಿಂದ ಕನಿಷ್ಠ 100 ಅಡಿ ದೂರ, ನೀರು ಜಿನುಗದ ಎತ್ತರದ ಜಾಗದಲ್ಲಿ 6 ರಿಂದ 8 ಅಡಿ ಆಳದ ತಗ್ಗು ತೋಡಿ, ಸುಣ್ಣ ಹಾಕಿ ಹೂಳಿರಿ.

3. ಔಷಧದ ಡಬ್ಬಿ: ಕೈಗವಸು ಇಲ್ಲದೆ ಮುಟ್ಟಬೇಡಿರಿ. ಸುಡುವುದು, ಕಾಲುವೆಯಲ್ಲಿ ತೊಳೆಯುವುದು ಎರಡೂ ಅಪಾಯ. ಮುಚ್ಚಳವಿರುವ ಪೀಪಾಯಿಯಲ್ಲಿ ತುಂಬಿ, ಮಕ್ಕಳು ಮತ್ತು ದನಗಳಿಗೆ ಸಿಗದ ಕಡೆ ಇಟ್ಟು ಕೃಷಿ ಇಲಾಖೆಗೆ ತಿಳಿಸಿರಿ.

4. ತೋಯ್ದ ಗೊಬ್ಬರ: ಚೀಲಗಳನ್ನು ಮೇವು ಮತ್ತು ನೀರಿನ ತೊಟ್ಟಿಯಿಂದ ದೂರ ಇಡಿರಿ. ಹದ ಬಂದ ಮೇಲೆ ಹೊಲಕ್ಕೆ ಹಾಕಿರಿ.

5. ಬೂಸರು ಹಿಡಿದ ಕಾಳು, ಹಿಂಡಿ, ಕಣಿಕೆ: ದನಕ್ಕೂ ಕೋಳಿಗೂ ಹಾಕಬೇಡಿರಿ. ಬೂಸರಿನ ವಿಷ ಬಿಸಿಲಿಗೆ ಒಣಗಿಸಿದರೆ ಹೋಗುವುದಿಲ್ಲ. ಗೊಬ್ಬರದ ಸಂಪರ್ಕವಿಲ್ಲದಿದ್ದರೂ ಅದು ತಿಪ್ಪೆಗೇ ಸೇರಬೇಕು.

6. ರವದಿ ಮತ್ತು ಕೊಳೆತ ಕಬ್ಬು: ಬೆಂಕಿ ಹಚ್ಚಬೇಡಿರಿ. ಪ್ಲಾಸ್ಟಿಕ್, ಗಾಜು ಆರಿಸಿ ತೆಗೆದು ಪದರ ಪದರವಾಗಿ ಒಟ್ಟಿರಿ. ಒಂದು ಟನ್ ರವದಿಗೆ 8 ರಿಂದ 10 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು, ಜೊತೆಗೆ ಸಗಣಿ ರಾಡಿ ಹಾಕಿ ತೇವ ಕಾಯ್ದು ತಿಂಗಳಿಗೊಮ್ಮೆ ಮಗುಚಿರಿ. ಯೂರಿಯಾ ಇರುವುದರಿಂದ ಈ ತಿಪ್ಪೆಗೂ ದನ ಬಾರದಂತೆ ಬೇಲಿ ಬೇಕು.

7. ಕಲ್ಲು, ತೊಲೆ, ಪತ್ರೆ, ಹನಿ ನೀರಾವರಿ ಪೈಪು: ಬೇರೆ ಬೇರೆ ಒಟ್ಟಿಡಿರಿ. ಇವು ಕಸವಲ್ಲ, ಮನೆ ಮತ್ತೆ ಕಟ್ಟುವಾಗ ಬೇಕಾಗುವ ಬಂಡವಾಳ. ಸಿಮೆಂಟ್ ಪತ್ರೆಗಳನ್ನು ಮಾತ್ರ ಒಡೆಯದೆ, ತೋಯಿಸಿ ಎತ್ತಿಡಿರಿ; ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು.

ಈ ಕೆಲಸ ಒಂದು ಮನೆಯಿಂದ ಆಗುವುದಿಲ್ಲ. ಮೇಲಿನ ಹೊಲದವರು ಹಳ್ಳಕ್ಕೆ ಚೆಲ್ಲಿದ ಔಷಧ ಕೆಳಗಿನವರ ಬಾವಿಗೆ ಇಳಿಯುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಊರವರು ಕೂಡಿ, ದನ ಹೂಳಲು ಒಂದು ಜಾಗ, ಕಲ್ಲುಮಣ್ಣು ಹಾಕಲು ಇನ್ನೊಂದು ಜಾಗ ಗೊತ್ತು ಮಾಡಿಡಿರಿ. ಯೂರಿಯಾ ಮತ್ತು ಔಷಧವನ್ನು ಇಂದೇ ಮೇವಿನ ಕೋಣೆಯಿಂದ ತೆಗೆದು ಎತ್ತರದ ಅಟ್ಟದ ಮೇಲೆ ಇಡಿರಿ. ಅಂದು ಆ ಅಂಗಳದಲ್ಲಿ ಇಷ್ಟು ಆಗಿದ್ದರೆ ಎಮ್ಮೆ ಉಳಿಯುತ್ತಿತ್ತು.

— ಕಬ್ಬು ಅಭಿವೃದ್ಧಿ ಅಧಿಕಾರಿ