ವಿದ್ಯುತ್ ಕಾರಿನ ಲೆಕ್ಕ: ಮೀಟರು ಮತ್ತು ನಿಗದಿತ ಶುಲ್ಕ

ಬೆಂಗಳೂರಿನ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಮನೆಯ 15 ಆಂಪಿಯರ್ ಸಾಕೆಟ್‌ನಲ್ಲಿ ಚಾರ್ಜ್ ಆಗುತ್ತಿತ್ತು. ಇಂದಿನ ಅನೇಕ ಕಾರುಗಳಿಗೂ ಅದೇ ಸಾಕು. ಆದರೆ ವೆಚ್ಚವನ್ನು ಕಾರಿನ ಪರದೆಯಿಂದಲ್ಲ, ಮನೆಯ ಮೀಟರಿನಿಂದ ಲೆಕ್ಕ ಹಾಕಬೇಕು.

ಶಿವನಿಯ ವರ್ತಕರೊಬ್ಬರ ಕಾರಿನ ಬ್ಯಾಟರಿ 30 ಯೂನಿಟ್ಟಿನದೆಂದು ಭಾವಿಸೋಣ. ಚಾರ್ಜ್ ಮಾಡುವಾಗ ಶೇ. 10ರಷ್ಟು ನಷ್ಟವಾದರೆ ಮೀಟರು 33 ಯೂನಿಟ್ಟಿಗೂ ತುಸು ಹೆಚ್ಚು ತೋರಿಸುತ್ತದೆ. ಯೂನಿಟ್ಟಿಗೆ 6 ರೂ. ಎಂದು ಹಿಡಿದರೆ 200 ರೂ. ಆಯಿತು. ಕಾರು 200 ಕಿ.ಮೀ. ಓಡಿದರೆ ಕಿ.ಮೀ.ಗೆ 1 ರೂ. ಬೀಳುತ್ತದೆ.

ಲೆಕ್ಕ ಇಲ್ಲಿಗೆ ಮುಗಿಯದು. 3.3 ಕಿಲೋವ್ಯಾಟ್ ಚಾರ್ಜರಿಗೆ ಮನೆಯ ಮಂಜೂರಾದ ಹೊರೆ ಸಾಲದಿದ್ದರೆ ಮೆಸ್ಕಾಂಗೆ ಹೆಚ್ಚುವರಿ ಹೊರೆಗಾಗಿ ಅರ್ಜಿ ಸಲ್ಲಿಸಬೇಕು. ಆಗ ಮಾಸಿಕ ನಿಗದಿತ ಶುಲ್ಕವೂ ಏರುತ್ತದೆ. ಹೆಚ್ಚುವರಿ 2 ಕಿಲೋವ್ಯಾಟಿಗೆ ಅದು 300 ರೂ. ಆಯಿತೆನ್ನೋಣ. ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಕಿ.ಮೀ.ಗೆ 20 ಪೈಸೆ ಮಾತ್ರ ಹೆಚ್ಚು, 300 ಕಿ.ಮೀ. ಓಡಿಸುವವರಿಗೆ ವೆಚ್ಚವೇ ಇಮ್ಮಡಿ.

ಆದುದರಿಂದ ಕಾರು ಕೊಳ್ಳುವ ಮೊದಲು ವರ್ತಕರು ತಮ್ಮ ಮಾಸಿಕ ಓಡಾಟವನ್ನೂ ವಿದ್ಯುತ್ ಬಿಲ್ಲಿನಲ್ಲಿ ನಮೂದಾದ ಮಂಜೂರಾದ ಹೊರೆಯನ್ನೂ ಒಟ್ಟಿಗೆ ಪರಿಶೀಲಿಸುವುದು ಲೇಸು. ಅಂಗಡಿಯ ಸಂಪರ್ಕದಿಂದ ಚಾರ್ಜ್ ಮಾಡುವುದಾದರೆ ವಾಣಿಜ್ಯ ದರವನ್ನೇ ಲೆಕ್ಕಕ್ಕೆ ಹಿಡಿಯಬೇಕು.